ಫಕ್ಕೀರವ್ವ ಸಹಿ ಹಾಕಲಿಲ್ಲ

ಕೂಸಿನ ತಲೆ ಕಾಣಿಸಿಕೊಳ್ಳುವ ಹೊತ್ತಿಗೆ ಐಶ್ವರ್ಯಳ ಬಲಗೈಯ ಗ್ಲೌಸ್ ಹರಿದಿತ್ತು. ಹರಿದದ್ದು ಅವಳಿಗೇ ಗೊತ್ತಾಗಲಿಲ್ಲ. ಹೆರಿಗೆ ಮುಗಿದು, ಹೆಣ್ಣುಕೂಸು ಅತ್ತು, ಬಾಣಂತಿಯನ್ನು ಒರೆಸಿ ಮಲಗಿಸಿದ ಮೇಲೆ ಗ್ಲೌಸ್ ಕಳಚಿ ನೋಡಿದರೆ ತೋರುಬೆರಳು ಬುಡದವರೆಗೂ ರಕ್ತವಾಗಿತ್ತು. ಅದೇ ಬೆರಳಿಗೆ ಬೆಳಿಗ್ಗೆ ಇಂಜೆಕ್ಷನ್ನಿನ ಗಾಜು ಮುರಿಯುವಾಗ ಸಣ್ಣ ಗಾಯವಾಗಿತ್ತು.

"ಅಕ್ಕಾರ, ಇಲ್ಲಿ ನೋಡ್ರಿ," ಎಂದಳು. ದನಿ ಮೆಲ್ಲಗಿತ್ತು.

ಫಕ್ಕೀರವ್ವ ಓಡಿ ಬಂದು ಅವಳ ಕೈ ಹಿಡಿದು ನಲ್ಲಿಯ ಕೆಳಗೆ ಒಡ್ಡಿದಳು. ಸೋಪು ಹಚ್ಚಿ ತೊಳೆದಳು, ಮತ್ತೆ ತೊಳೆದಳು. ಬ್ಯಾಡಗಿಯ ಕೆರೆದಂಡೆ ಸರ್ಕಾರಿ ಹೆರಿಗೆ ಆಸ್ಪತ್ರೆಯಲ್ಲಿ ಅವಳೇ ಹಿರಿಯ ನರ್ಸು. ಹಲಗೇರಿಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಇಪ್ಪತ್ತೆರಡಕ್ಕೆ ಈ ಕೆಲಸಕ್ಕೆ ಸೇರಿ, ಈಗ ಐವತ್ನಾಲ್ಕಕ್ಕೆ ಬಂದಿದ್ದಳು. ಅವಳ ಕೈಯಲ್ಲಿ ಹುಟ್ಟಿದವರೇ ಈಗ ಹೆರಿಗೆಗೆಂದು ಬರುತ್ತಿದ್ದರು. ಐಶ್ವರ್ಯ ಸೇರಿ ಇನ್ನೂ ಎಂಟು ತಿಂಗಳಾಗಿತ್ತು.

ಬಾಣಂತಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೂಲಿಗೆ ದೂರದಿಂದ ಬಂದವಳು. ಬಸುರಿಯಾಗಿದ್ದಾಗ ಎಲ್ಲಿಯೂ ತೋರಿಸಿಕೊಂಡಿರಲಿಲ್ಲ. ಅರ್ಧ ತಾಸಿನಲ್ಲಿ ಅವಳ ರಕ್ತದ ವರದಿ ಬಂತು. ಅದರಲ್ಲಿ ಏನಿತ್ತೆಂಬುದನ್ನು ಫಕ್ಕೀರವ್ವ ಡಾಕ್ಟರಿಗೆ ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಆ ಹೆಣ್ಣುಮಗಳ ಮಾನ ಅವಳ ಕೈಯಲ್ಲಿತ್ತು. ಆದರೆ ಮಧ್ಯಾಹ್ನದಿಂದಲೇ ಐಶ್ವರ್ಯಳಿಗೆ ಮುಂಜಾಗ್ರತೆಯ ಗುಳಿಗೆ ಶುರುವಾಯಿತು. ಇಪ್ಪತ್ತೆಂಟು ದಿನ, ಒಂದು ದಿನವೂ ತಪ್ಪಿಸುವಂತಿಲ್ಲ. ರಕ್ತದಿಂದ ಹರಡುವ ಆ ರೋಗ ಅಂಟಿಲ್ಲವೆಂಬುದು ಖಾತ್ರಿಯಾಗಲು ತಿಂಗಳುಗಳೇ ಬೇಕು.

ಹುಡುಗಿ ಅಳಲಿಲ್ಲ. "ನಮ್ಮ ಅವ್ವಗ ಹೇಳಬ್ಯಾಡ್ರಿ," ಎಂದಷ್ಟೇ ಕೇಳಿಕೊಂಡಳು. ಆ ಮಾತು ಫಕ್ಕೀರವ್ವನ ಎದೆಗೆ ನಾಟಿತು.

ಅವಳು ನೇರವಾಗಿ ಉಗ್ರಾಣಕ್ಕೆ ಹೋದಳು. ಹಿಂದಿನ ವಾರವಷ್ಟೇ ಬಂದ ಗ್ಲೌಸಿನ ಡಬ್ಬಿಯೊಂದನ್ನು ಒಡೆದು ಹತ್ತು ಗ್ಲೌಸ್ ತೆಗೆದಳು. ಒಂದೊಂದಕ್ಕೂ ನೀರು ತುಂಬಿ, ಬಾಯಿ ಕಟ್ಟಿ, ಸಲಾಯಿನ್ ಹಾಕುವ ಕಂಬಕ್ಕೆ ತೂಗುಹಾಕಿದಳು. ಐದು ನಿಮಿಷದಲ್ಲಿ ಹತ್ತರಲ್ಲಿ ನಾಲ್ಕು ಬೆರಳ ತುದಿಯಿಂದ ಹನಿಯತೊಡಗಿದವು. ಒಂದಂತೂ ಹೆಬ್ಬೆರಳಿನ ಸಂದಿಯಲ್ಲಿ ಸಣ್ಣ ಕಾರಂಜಿಯನ್ನೇ ಹಾರಿಸಿತು.

ಗ್ಲೌಸ್ ತಂದುಕೊಡುತ್ತಿದ್ದವನು ಹೇಮಂತ, ಒಂದು ಕಂಪನಿಯ ಏಜೆಂಟ. ನಯವಾದ ಮಾತಿನವನು. ಹೊಸ ವರ್ಷಕ್ಕೆ ಎಲ್ಲರಿಗೂ ಕ್ಯಾಲೆಂಡರು, ಪೆನ್ನು ಕೊಟ್ಟು ಹೋಗುವವನು. ಫಕ್ಕೀರವ್ವ ಅವನಿಗೆ ಫೋನು ಹಚ್ಚಿದಳು.

"ಮಾಲು ವಾಪಸ್ ಒಯ್ರಿ ಹೇಮಂತ. ನೀರು ತಡಿಯೂದಿಲ್ಲ, ರಕ್ತ ಏನು ತಡೀತಾವ?"

"ಸಿಟ್ಟಾಗಬ್ಯಾಡ್ರಿ ಅಕ್ಕಾರ. ನಿಮ್ಮ ಹುಡುಗ್ಯಾರು ಉಗುರು ಬಿಟ್ಟಿರ್ತಾರ, ಅದಕ್ಕ ಹರೀತಾವ."

"ಉಗುರು ನಮ್ಮಲ್ಲಿ ಯಾರೂ ಬಿಡೂದಿಲ್ಲ. ಬಂದು ನೋಡ್ರಿ."

"ಅಲ್ರಿ, ನಿಮ್ಮದು ತಿಂಗಳಿಗೆ ಮೂವತ್ತು ಡಬ್ಬಿ. ಅಷ್ಟಕ್ಕ ಕಂಪನಿಯವರು ಲಾರಿ ಕಳಸಿ ವಾಪಸ್ ತಗೋತಾರೇನು? ಬ್ಯಾಡ ಅಂದ್ರ ಬಿಡ್ರಿ. ಮೇಲಿಂದ ಬರೂ ಸರಬರಾಜು ಇನ್ನೂ ಎರಡು ತಿಂಗಳು ಬರೂದಿಲ್ಲ. ಅಲ್ಲೀತನಕ ಬರಿಗೈಲೆ ಹೆರಿಗಿ ಮಾಡಸ್ತೀರೇನು?"

ಸರಬರಾಜಿನ ಬಗ್ಗೆ ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮೇಲಿನ ಸರಬರಾಜು ತಡವಾದಾಗ ಸಣ್ಣ ಆಸ್ಪತ್ರೆಗಳು ತಮ್ಮಲ್ಲಿರುವ ಅಷ್ಟಿಷ್ಟು ನಿಧಿಯಿಂದ ಹೊರಗೆ ಕೊಳ್ಳಬೇಕು. ಸುತ್ತಲಿನ ಊರುಗಳಿಗೆಲ್ಲ ಕೊಡುವವನು ಅವನೊಬ್ಬನೇ. ಫಕ್ಕೀರವ್ವ ಫೋನು ಇಟ್ಟಾಗ ಅವಳ ಕಿವಿ ಕಾದಿದ್ದವು. ಹರಿದ ಗ್ಲೌಸಿಗಿಂತ ಆ ಉಗುರಿನ ಮಾತು ಹೆಚ್ಚು ಉರಿಸಿತ್ತು.

ಮರುದಿನ ಆಸ್ಪತ್ರೆಯ ಮುಖ್ಯ ವೈದ್ಯ ಡಾಕ್ಟರ್ ಶಿವಾನಂದ ಅವಳನ್ನು ಕರೆದು ಒಂದು ಕಾಗದ ಮುಂದಿಟ್ಟ. 'ಸಾಮಗ್ರಿ ಪಡೆಯಲಾಗಿದೆ, ಗುಣಮಟ್ಟ ತೃಪ್ತಿಕರವಾಗಿದೆ' ಎಂಬ ಒಕ್ಕಣೆಯ ಕೆಳಗೆ ಹಿರಿಯ ನರ್ಸಿನ ಸಹಿ ಬೇಕಿತ್ತು.

"ಯಾರಿಗೆ ತೃಪ್ತಿ ಆಗೇತ್ರಿ ಸರ್?"

"ಫಕ್ಕೀರವ್ವ, ಇದು ರೂಢಿ. ನೀವು ಸಹಿ ಮಾಡಲಿಲ್ಲಂದ್ರ ಮುಂದಿನ ಮಾಲು ಬರೂದಿಲ್ಲ."

"ಇಂಥಾ ಮಾಲು ಬರದಿದ್ರ ಚೊಲೋನ ಆತು."

"ಹಂಗಂದ್ರ ಹ್ಯಾಂಗ? ನಮ್ಮಂಥಾ ಸಣ್ಣ ಆಸ್ಪತ್ರಿ ಮಾತು ಯಾರು ಕೇಳ್ತಾರ ಹೇಳ್ರಿ."

ಡಾಕ್ಟರ್ ಕೆಟ್ಟವನಲ್ಲ. ಒಳ್ಳೆಯ ಕೈಗುಣದವನು, ಬಡವರನ್ನು ಗದರದವನು. ಆದರೆ ಕಾಗದಪತ್ರ ಕಂಡರೆ ಅಂಜುತ್ತಿದ್ದ. ಫಕ್ಕೀರವ್ವ ಕಾಗದವನ್ನು ತಿರುಗಿಸಿ ಅವನ ಕಡೆಗೇ ಸರಿಸಿ ಎದ್ದಳು. ಮೂವತ್ತೆರಡು ವರ್ಷದಲ್ಲಿ ಹಿರಿಯರು ತೋರಿಸಿದ ಕಡೆ ಸಹಿ ಮಾಡದೆ ಅವಳು ಎದ್ದು ಬಂದದ್ದು ಅದೇ ಮೊದಲು. ಹೊರಗೆ ಬಂದ ಮೇಲೂ ತಿರುಗಿ ಒಳಗೆ ಹೋಗಬೇಕೆಂದು ಅನ್ನಿಸಲಿಲ್ಲ.

ಅವಳ ಗಂಡ ಕರಬಸಪ್ಪನಿಗೆ ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಫೆಬ್ರುವರಿ ಎಂದರೆ ಸುಗ್ಗಿ. ಊರಿಗೆ ಊರೇ ಸೀನುವ ಕಾಲ. ಊಟಕ್ಕೆ ಬಂದವನು, ಹೆಂಡತಿ ರೊಟ್ಟಿ ಮುರಿಯದೆ ಕುಳಿತಿದ್ದನ್ನು ಕಂಡು ಸಂಗತಿ ಕೇಳಿದ. ಎಲ್ಲವನ್ನೂ ಕೇಳಿಸಿಕೊಂಡು ನಕ್ಕ.

"ನೀ ಒಂದು ಚೀಲ ತಂದ ರೈತನಂಗ ಮಾತಾಡಾಕತ್ತೀದಿ. ಒಂದು ಚೀಲದಾಂವ ಏನು ಅಂದ್ರೂ ಖರೀದಿದಾರ ತಲಿ ಎತ್ತಿ ನೋಡೂದಿಲ್ಲ. ಅದ ಊರಾನ ಮಂದಿ ಮುನ್ನೂರು ಚೀಲ ಕೂಡಿ ತಂದ್ರಂದ್ರ ತಾನ ಎದ್ದು ಬಂದು, 'ಬರ್ರಿ, ಕುಂದ್ರಿ, ಚಾ ಕುಡೀರಿ' ಅಂತಾನ."

"ಮಾರೂದು ಬ್ಯಾರೆ, ಕೊಳ್ಳೂದು ಬ್ಯಾರೆ."

"ಏನು ಬ್ಯಾರೆ? ಆ ಹೇಮಂತ ನಿಮ್ಮನ್ನ ಬಿಡಿಬಿಡಿಯಾಗಿ ಹಿಡದಾನ. ಕೂಡಿ ನಿಂತ್ರ ಏನು ಮಾಡ್ತಾನ?"

ಅವಳು ರೊಟ್ಟಿ ಹಾಗೆಯೇ ಬಿಟ್ಟು ರಾಣೇಬೆನ್ನೂರಿಗೆ ಫೋನು ಹಚ್ಚಿದಳು. ಅಲ್ಲಿಯ ಸರ್ಕಾರಿ ಆಸ್ಪತ್ರೆಯೊಂದರ ಔಷಧ ಉಗ್ರಾಣ ನೋಡಿಕೊಳ್ಳುವ ಕುತುಬುದ್ದೀನ ಅವಳ ಹಳೆಯ ಸಹೋದ್ಯೋಗಿ. ಒಂದೇ ಸಲ ತಯಾರಾದ ಮಾಲಿಗೆ ಹಾಕುವ, ಡಬ್ಬಿಯ ಮೇಲಿನ ಲಾಟ್ ನಂಬರು ಓದಿ ಹೇಳಿದಳು. ಅವನಲ್ಲಿಯೂ ಅದೇ ನಂಬರು.

"ಅಕ್ಕಾರ, ನಾವು ಈಗ ಒಂದರ ಮ್ಯಾಲೊಂದು ಎರಡು ಜೋಡಿ ಹಾಕ್ಕೊಳ್ಳಾಕತ್ತೇವ್ರಿ," ಎಂದ ಕುತುಬುದ್ದೀನ. "ಒಂದು ಹರದ್ರ ಇನ್ನೊಂದು ಇರತೈತಿ ಅಂತ."

"ಅಂದ್ರ ಒಂದು ಡಬ್ಬಿ ಹತ್ತೂಕಡೆ ಎರಡು ಡಬ್ಬಿ ಆತಲ್ರಿ ಭಾಯಿ! ಹರಿಯೂ ಮಾಲು ಕೊಟ್ಟು ಅವ ದುಪ್ಪಟ್ಟು ಮಾರಾಕತ್ತಾನ, ನಾವು ಶಾಣೇರಂಗ ಸುಮ್ಮ ಕುಂತೇವಿ."

"ಖರೇ ಐತ್ರಿ," ಎಂದ ಕುತುಬುದ್ದೀನ. "ಹಿಂಗ ವಿಚಾರ ಮಾಡಿದ್ದಿಲ್ಲ."

ಆಮೇಲೆ ಫೋನು ಹಚ್ಚಿದ್ದು ವೆಂಕೂಬಾಯಿಯವರಿಗೆ, ಹಾವೇರಿಯ ಆಸ್ಪತ್ರೆಯೊಂದರ ನರ್ಸುಗಳ ಮೇಲ್ವಿಚಾರಕಿ. ನಿವೃತ್ತಿಗೆ ಮೂರೇ ತಿಂಗಳು. ಪಿಂಚಣಿಯ ಕಾಗದ ಮೇಜಿನಿಂದ ಮೇಜಿಗೆ ಹೋಗುತ್ತಿರುವ ಹೊತ್ತು, ಅವರು ಇದರಲ್ಲಿ ಬೀಳಲಾರರೆಂದೇ ಫಕ್ಕೀರವ್ವ ಎಣಿಸಿದ್ದಳು. ಆದರೆ ಅವರು, "ಮೂರು ತಿಂಗಳಾದ ಮ್ಯಾಲೆ ನನ್ನ ಮಾತು ಯಾರು ಕೇಳತಾರವಾ? ಆಡೂದಿದ್ದರ ಈಗss ಆಡಬೇಕು. ನಮ್ಮಲ್ಲೂ ಅದss ಲಾಟ್ ಅದ. ಏನು ಮಾಡೋಣ ಹೇಳು," ಎಂದರು.

ಮುಂದಿನ ಬುಧವಾರ ಬೆಳಿಗ್ಗೆ ಹತ್ತಕ್ಕೆ ಮೂರೂ ಊರಿನಲ್ಲಿ ಒಂದೇ ಹೊತ್ತಿಗೆ ಡಬ್ಬಿ ಒಡೆದರು. ಒಂದೊಂದು ಆಸ್ಪತ್ರೆಯಲ್ಲಿ ನೂರು ಗ್ಲೌಸ್. ನೀರು ತುಂಬಿ, ಕಟ್ಟಿ, ಸಲಾಯಿನ್ ಕಂಬ ಸಾಲದೆ ಬಟ್ಟೆ ಒಣಗಿಸುವ ಹಗ್ಗಕ್ಕೂ ತೂಗುಹಾಕಿದರು. ರೋಗಿಗಳ ಜೊತೆಗೆ ಬಂದವರು ಇದೇನು ಹಬ್ಬವೆಂದು ನಿಂತು ನೋಡಿದರು. ಬ್ಯಾಡಗಿಯಲ್ಲಿ ಮೂವತ್ತಾರು ಸೋರಿದವು, ರಾಣೇಬೆನ್ನೂರಿನಲ್ಲಿ ನಲವತ್ತೊಂದು, ಹಾವೇರಿಯಲ್ಲಿ ಮೂವತ್ತೆಂಟು.

ಶನಿವಾರ ಮೂವರೂ ಹಾವೇರಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕೂಡಿದರು. ಗಿರ್ಮಿಟ್ಟಿನ ತಟ್ಟೆ ಬದಿಗೆ ಸರಿಸಿ ಕುತುಬುದ್ದೀನ ಜಿಲ್ಲೆಯ ಖರೀದಿ ಸಮಿತಿಗೆ ಪತ್ರ ಬರೆಯತೊಡಗಿದ. ಇನ್ನು ಮುಂದೆ ಮೂರೂ ಆಸ್ಪತ್ರೆಗಳು ಕೂಡಿಯೇ ಕೊಳ್ಳುತ್ತವೆ. ಬಂದ ಮಾಲನ್ನು, ಅದನ್ನು ಕೈಗೆ ಹಾಕಿಕೊಳ್ಳುವ ನರ್ಸುಗಳ ಎದುರಿಗೇ ಪರೀಕ್ಷಿಸಬೇಕು. ಒಂದು ಕಡೆ ಬಿದ್ದ ಮಾಲು ಮೂರು ಕಡೆಯಿಂದಲೂ ವಾಪಸ್. ಈಗಿನ ಲಾಟನ್ನು ಮೊದಲು ಒಯ್ಯಬೇಕು.

"ಕೆಳಗ 'ದಯಮಾಡಿ ಪರಿಶೀಲಿಸಬೇಕಾಗಿ ವಿನಂತಿ' ಅಂತ ಬರೀಲ್ರಿ?" ಎಂದು ಕೇಳಿದ.

"ಬ್ಯಾಡ," ಎಂದಳು ಫಕ್ಕೀರವ್ವ. "ವಿನಂತಿ ಮಾಡಿ ಮಾಡಿ ಸಾಕಾಗೈತಿ. 'ಈ ಮಾಲು ನಾವು ಮುಟ್ಟೂದಿಲ್ಲ' ಅಂತ ಬರೀರಿ."

ಮೂರೂ ಆಸ್ಪತ್ರೆಯ ಮುಖ್ಯ ವೈದ್ಯರ ಸಹಿ ಬೇಕಿತ್ತು. ಉಳಿದಿಬ್ಬರು ಮಾಡಿದರು. ಶಿವಾನಂದ ಡಾಕ್ಟರ್ ಎರಡು ದಿನ ಕಾಗದವನ್ನು ಮೇಜಿನ ಖಾನೆಯಲ್ಲಿಟ್ಟುಕೊಂಡ. ಮೂರನೆಯ ದಿನ ಅವನು ವಾರ್ಡಿನ ಸುತ್ತು ಮುಗಿಸಿ ಬರುವಾಗ ಐಶ್ವರ್ಯ ಪಡಸಾಲೆಯ ಮೂಲೆಯಲ್ಲಿ ಬಗ್ಗಿ ವಾಂತಿ ಮಾಡುತ್ತಿದ್ದಳು. ಗುಳಿಗೆ ಅವಳಿಗೆ ಒಗ್ಗುತ್ತಿರಲಿಲ್ಲ. ಬಾಯಿ ತೊಳೆದು, ಸೆರಗಿನ ಪಿನ್ನು ಸರಿಮಾಡಿಕೊಂಡು, "ಏನಿಲ್ರಿ ಸರ್," ಎಂದು ಮತ್ತೆ ಹೆರಿಗೆ ಕೋಣೆಗೆ ನಡೆದಳು. ಡಾಕ್ಟರ್ ನೇರವಾಗಿ ತನ್ನ ಕೋಣೆಗೆ ಹೋಗಿ ಸಹಿ ಮಾಡಿ, ಕಾಗದವನ್ನು ತಾನೇ ತಂದು ಫಕ್ಕೀರವ್ವನ ಕೈಗೆ ಕೊಟ್ಟ.

ಮಾರ್ಚ್ ಮೊದಲ ವಾರ ಹಾವೇರಿಯಲ್ಲಿ ಖರೀದಿ ಸಮಿತಿಯ ಸಭೆ ಕರೆದರು. ಅಧ್ಯಕ್ಷತೆ ಶ್ರದ್ಧಾ ಎಂಬ ಅಧಿಕಾರಿಯದು. ಮೈಸೂರು ಕಡೆಯವಳು, ಬಂದು ತಿಂಗಳಾಗಿತ್ತಷ್ಟೇ. ಹೇಮಂತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ದಪ್ಪನೆಯ ಕಡತ ತೆರೆದು ಕುಳಿತಿದ್ದ.

"ಮೇಡಂ, ಪ್ರಯೋಗಾಲಯದ ವರದಿ ಐತ್ರಿ. ಮಾಲು ನೂರಕ್ಕ ನೂರು ಪಾಸಾಗೈತಿ. ಮನ್ಯಾಗ ನೀರು ತುಂಬಿ ತೂಗಹಾಕೂದು ಪರೀಕ್ಷಾ ಅಲ್ರಿ. ಇವರು ಉಗುರು ಬಿಟ್ಟಿರ್ತಾರ..."

ಫಕ್ಕೀರವ್ವ ಎದ್ದು ನಿಂತಳು. ಎರಡೂ ಕೈ ಮುಂದೆ ಚಾಚಿದಳು. ವೆಂಕೂಬಾಯಿಯೂ ಚಾಚಿದರು. ಅವರ ಜೊತೆಗೆ ಬಂದಿದ್ದ ಐದಾರು ನರ್ಸುಗಳೂ ಒಬ್ಬೊಬ್ಬರಾಗಿ ಎದ್ದು ಕೈ ಚಾಚಿದರು. ಬುಡದವರೆಗೆ ಕತ್ತರಿಸಿದ ಉಗುರುಗಳು. ಹೇಮಂತ ಕಡತದ ಕಡೆ ನೋಡಿದ.

"ವರದಿ ಇದೆಯಲ್ಲ, ಅದನ್ನು ನಾವು ಅಲ್ಲಗಳೆಯುವುದು ಹೇಗೆ?" ಎಂದಳು ಶ್ರದ್ಧಾ. ದನಿಯಲ್ಲಿ ಗದರಿಕೆ ಇರಲಿಲ್ಲ, ಗೊಂದಲವಿತ್ತು.

"ಮೇಡಂ, ಐದು ಮಿನಿಟು ಕೊಡ್ರಿ," ಎಂದಳು ಫಕ್ಕೀರವ್ವ.

ಚೀಲದಿಂದ ಸ್ಟೀಲಿನ ಬೋಗುಣಿ ತೆಗೆದು ಮೇಜಿನ ಮೇಲಿಟ್ಟಳು. ಬಾಟಲಿಯ ನೀರು ಸುರಿದು, ಗಂಡನ ಅಂಗಡಿಯಿಂದ ತಂದ ಖಾರದ ಪುಡಿಯ ಪೊಟ್ಟಣ ಬಿಚ್ಚಿ ಅದರಲ್ಲಿ ಕದಡಿದಳು. ನೀರು ಕುಂಕುಮದಂತಾಯಿತು. ಸಭೆಯಲ್ಲಿ ಇಬ್ಬರು ಸೀನಿದರು.

"ನಮ್ಮ ಬ್ಯಾಡಗಿ ಕಾಯಿಗೆ ಬಣ್ಣ ಬಾಳ, ಖಾರ ಕಮ್ಮಿ. ಅದಕ್ಕ ಇದರಾಗ ಗುಂಟೂರು ಕಾಯಿ ಪುಡಿನೂ ಕೂಡಿಸೇನಿ. ಇದು ಪ್ರಯೋಗಾಲಯದ ಪರೀಕ್ಷಾ ಅಲ್ರಿ, ನನಗ ಗೊತ್ತೈತಿ. ರಕ್ತದಾಗ ಕೈ ಇಡೂದು ಅಂದ್ರ ಏನು ಅಂತ ಕುರ್ಚಿ ಮ್ಯಾಲೆ ಕುಂತಾವ್ರಿಗೂ ತಿಳೀಲಿ ಅಂತ ಮಾಡಾಕತ್ತೇನಿ."

ಮೊಹರು ಒಡೆಯದ ಡಬ್ಬಿಯನ್ನು ಶ್ರದ್ಧಾಳ ಕೈಯಿಂದಲೇ ಒಡೆಸಿ, ಒಂದು ಗ್ಲೌಸ್ ಹಾಕಿಕೊಂಡು ಮಣಿಕಟ್ಟಿನವರೆಗೆ ನೀರಿನಲ್ಲಿಟ್ಟಳು. ಎಲ್ಲರಿಗೂ ಕೇಳುವಂತೆ ನೂರರವರೆಗೆ ಎಣಿಸಿದಳು. ಕೈ ತೆಗೆದು, ಒರೆಸಿ, ಗ್ಲೌಸ್ ಕಳಚಿದಾಗ ಎರಡು ಬೆರಳ ತುದಿ ಕೆಂಪಗಾಗಿದ್ದವು. ಉರಿ ಏರುತ್ತಿತ್ತು. ಅವಳು ಮುಖ ಕಿವುಚಲಿಲ್ಲ.

ಕುತುಬುದ್ದೀನ ಅಂಗಿಯ ತೋಳು ಮಡಚಿ ಮುಂದೆ ಬಂದ. ಅವನ ಗ್ಲೌಸ್ ಸೋರಲಿಲ್ಲ. "ನನ್ನ ನಸೀಬ ಚೊಲೋ ಐತಿ," ಎಂದ. "ಆದ್ರ ಹೆರಿಗಿ ಮಾಡಸೂದು ನಸೀಬದ ಮ್ಯಾಲೆ ಬಿಡಾಕ ಬರತೈತೇನ್ರಿ?" ಅವನ ಹಿಂದೆ ಬಂದ ನರ್ಸಿನ ಅಂಗೈಯೇ ಕೆಂಪಾಯಿತು.

ಫಕ್ಕೀರವ್ವ ಇನ್ನೊಂದು ಗ್ಲೌಸ್ ತೆಗೆದು ಹೇಮಂತನ ಮುಂದೆ ಹಿಡಿದಳು. "ನೂರಕ್ಕ ನೂರು ಪಾಸಾಗೈತಿ ಅಂದ್ರಿ. ಹಾಕ್ಕೋರಿ."

"ನನಗ... ಚರ್ಮದ ಅಲರ್ಜಿ ಐತ್ರಿ."

"ಈ ಗ್ಲೌಸ್ ಹಾಕ್ಕೊಂಡಿದ್ದ ನಮ್ಮ ಹುಡುಗಿಗೆ ಇಪ್ಪತ್ತಾರು ವರ್ಷ. ಅಕಿಗೂ ಜೀವದ ಮ್ಯಾಲೆ ಆಸೆ ಐತಿ. ಅಕಿಗೆ ಅಲರ್ಜಿ ಅಂತ ಹೇಳಾಕ ನೀವು ಬಿಡಲಿಲ್ಲ. ಹಾಕ್ಕೋರಿ!"

ಅವನು ಕೈ ಮೇಜಿನ ಕೆಳಗೆ ಇಳಿಸಿಕೊಂಡ. ಈ ನಡುವೆ ವೆಂಕೂಬಾಯಿ ಕನ್ನಡಕ ಏರಿಸಿ ಅವನ ಕಡತವನ್ನು ತಮ್ಮ ಕಡೆ ಎಳೆದುಕೊಂಡು ಸಾವಕಾಶವಾಗಿ ಓದುತ್ತಿದ್ದರು.

"ಮೇಡಂ," ಎಂದರು ಶಾಂತವಾಗಿ, "ಈ ವರದಿ ಒಳಗಿನ ಲಾಟ್ ನಂಬರೇ ಬ್ಯಾರೆ ಅದ. ಡಬ್ಬಿ ಮ್ಯಾಲಿಂದು ಬ್ಯಾರೆ ಅದ. ಪಾಸಾದ ಗ್ಲೌಸು ಇವಲ್ಲ."

ಶ್ರದ್ಧಾ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಳು. ಅವಳ ಮುಖ ಬಿಗಿಯಿತು. "ಹೇಮಂತ್ ಅವರೇ, ಇದಕ್ಕೆ ಏನು ಹೇಳುತ್ತೀರಿ?" ಅವನು ಕಾರಕೂನನ ತಪ್ಪು, ಕಣ್ತಪ್ಪು ಎಂದು ಏನೇನೋ ತೊದಲಿದ. ಆ ದಿನವೇ ನಿರ್ಣಯವಾಯಿತು. ಮಾಲು ಮೂರು ಊರಿನಿಂದಲೂ ವಾಪಸ್, ಮುಂದೆ ಜಂಟಿ ಖರೀದಿ, ನರ್ಸುಗಳ ಎದುರಿಗೆ ಪರೀಕ್ಷೆ. ಹೊರಗೆ ಬಂದ ಮೇಲೆ ಫಕ್ಕೀರವ್ವ ಮೊಸರಿನ ಲೋಟದಲ್ಲಿ ಬೆರಳದ್ದಿಕೊಂಡು ಕುಳಿತಳು. ವೆಂಕೂಬಾಯಿ ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡರು. ಅದು ಖಾರದ ಘಾಟಿಗೂ ಇರಬಹುದು.

ಹೊಸ ಮಾಲು ಬರುವವರೆಗಿನ ಐದು ವಾರ ಕಷ್ಟದವು. ರಾಣೇಬೆನ್ನೂರಿನ ಉಗ್ರಾಣದಲ್ಲಿ ಹಳೆಯ, ಗಟ್ಟಿ ಗ್ಲೌಸಿನ ಕೆಲವು ಡಬ್ಬಿ ಉಳಿದಿದ್ದವು. ಕುತುಬುದ್ದೀನ ಅವನ್ನು ಮೂರು ಪಾಲು ಮಾಡಿ ಬಸ್ಸಿನಲ್ಲಿ ಕಳಿಸಿದ. ತನ್ನ ಆಸ್ಪತ್ರೆಯವರ ಬೈಗುಳ ತಿಂದ.

ಜಂಟಿ ಖರೀದಿಗೆ ನಾಲ್ಕು ಕಂಪನಿಗಳು ಮುಂದೆ ಬಂದವು. ಹಿಂದೆ ಮೂವತ್ತು ಡಬ್ಬಿ ಕೇಳಿದರೆ ಫೋನು ಎತ್ತದಿದ್ದವರು ಈಗ ತಾವೇ ನಮೂನೆ ಹಿಡಿದು ಬಾಗಿಲಿಗೆ ಬಂದರು. ಎಲ್ಲರಿಗಿಂತ ಕಡಿಮೆ ದರ ಹೇಳಿ ಗೆದ್ದದ್ದು ಹೇಮಂತನ ಕಂಪನಿಯೇ. ಮಾಲು ಬಂದ ದಿನ ಫಕ್ಕೀರವ್ವ ನೂರು ಗ್ಲೌಸಿಗೆ ನೀರು ತುಂಬಿಸಿದಳು. ಒಂದೂ ಹನಿಯಲಿಲ್ಲ. ಉಳಿದ ನರ್ಸುಗಳು ಚಪ್ಪಾಳೆ ತಟ್ಟಿದರು. ಅವಳಿಗೆ ಮಾತ್ರ ಸಿಟ್ಟು ನೆತ್ತಿಗೇರಿತು.

"ಅಂದ್ರ ಚೊಲೋ ಮಾಲು ಮೊದಲೂ ಇವರ ಕಡೆ ಇತ್ತು," ಎಂದಳು. "ನಮಗ ಕೊಡೂದು ಬ್ಯಾಡ ಅನಿಸಿತ್ತು, ಅಷ್ಟ."

ಏಪ್ರಿಲ್ ಕೊನೆಗೆ ಅವಳ ಹೆಸರಿಗೆ ಮೇಲಿನ ಕಚೇರಿಯಿಂದ ಒಂದು ನೋಟಿಸು ಬಂತು. ಸಭೆಯ ಶಿಸ್ತು ಮುರಿದು, ಖಾರದ ನೀರಿನಿಂದ ಸರಬರಾಜುದಾರರನ್ನು ಹೆದರಿಸಿದ್ದಕ್ಕೆ ಏಕೆ ಕ್ರಮ ಕೈಗೊಳ್ಳಬಾರದು, ಏಳು ದಿನದಲ್ಲಿ ಉತ್ತರಿಸಬೇಕು. ಯಾರು ದೂರು ಕೊಟ್ಟಿರಬಹುದೆಂದು ಊಹಿಸಲು ಯಾರೂ ತಲೆ ಕೆರೆದುಕೊಳ್ಳಬೇಕಿರಲಿಲ್ಲ. ಶಿವಾನಂದ ಡಾಕ್ಟರ್ ತಾನೇ ಬಂದು, "ಕ್ಷಮಾ ಕೇಳಿ ಎರಡು ಸಾಲು ಬರದುಬಿಡ್ರಿ, ಮುಗೀತೈತಿ," ಎಂದ.

"ತಪ್ಪು ಮಾಡಿದ್ರ ಕೇಳ್ತಿದ್ದೆ ಸರ್."

ಅವಳು ಬರೆದದ್ದು ಎರಡೇ ಸಾಲು. 'ಆ ದಿನ ಮಾಡಿದ್ದನ್ನು ತಿಳಿದೇ ಮಾಡಿದ್ದೇನೆ. ಅಂಥ ಗ್ಲೌಸ್ ಮತ್ತೆ ಬಂದರೆ ಮತ್ತೆ ಮಾಡುತ್ತೇನೆ.'

ಉತ್ತರ ಕಳಿಸಿದ ನಾಲ್ಕನೆಯ ದಿನ ಕುತುಬುದ್ದೀನನಿಂದ ಫೋನು ಬಂತು. ರಾಣೇಬೆನ್ನೂರಿನ ಹತ್ತೊಂಬತ್ತು ಜನ, ಹಾವೇರಿಯ ಇಪ್ಪತ್ತಾರು ಜನ, ತಮಗೂ ನೋಟಿಸು ಕೊಡಬೇಕೆಂದು ಒಬ್ಬೊಬ್ಬರೂ ಬೇರೆಬೇರೆ ಅರ್ಜಿ ಬರೆದಿದ್ದರು. 'ಫಕ್ಕೀರವ್ವನವರು ಮಾಡಿದ್ದನ್ನು ನಮ್ಮ ಪರವಾಗಿ ಮಾಡಿದ್ದಾರೆ, ಆದ್ದರಿಂದ ಕ್ರಮ ನಮ್ಮ ಮೇಲೂ ಆಗಲಿ.' ಮೊದಲ ಅರ್ಜಿ ವೆಂಕೂಬಾಯಿಯದು, ನಿವೃತ್ತಿಗೆ ಹದಿನೈದು ದಿನ ಮುಂಚೆ. ಬ್ಯಾಡಗಿಯಲ್ಲಿ ಐಶ್ವರ್ಯ ಎಲ್ಲರ ಅರ್ಜಿಯನ್ನೂ ತಾನೇ ಕೂಡಿಸಿ ಒಯ್ದಳು. ಇಷ್ಟು ಜನದ ಅರ್ಜಿ ಬಂದ ಮೇಲೆ ಕಚೇರಿಯವರು ನೋಟಿಸನ್ನು ಹಿಂದಕ್ಕೂ ತೆಗೆದುಕೊಳ್ಳಲಿಲ್ಲ, ಮುಂದಕ್ಕೂ ಒಯ್ಯಲಿಲ್ಲ.

ಆಗಸ್ಟಿನಲ್ಲಿ ಐಶ್ವರ್ಯಳ ಕೊನೆಯ ರಕ್ತಪರೀಕ್ಷೆಯ ವರದಿ ಬಂತು. ಏನೂ ಅಂಟಿರಲಿಲ್ಲ. ಅಂದು ಅವಳು ಊರಿಗೆ ಫೋನು ಹಚ್ಚಿ ಅವ್ವನಿಗೆ ಎಲ್ಲವನ್ನೂ ಹೇಳಿ, ಬೈಸಿಕೊಂಡು, ಜೋರಾಗಿ ಅತ್ತಳು. ಫಕ್ಕೀರವ್ವ ಬಾಗಿಲು ಮುಂದೆ ಮಾಡಿ ಹೊರಗೆ ನಿಂತಳು, ಯಾರನ್ನೂ ಒಳಗೆ ಬಿಡಲಿಲ್ಲ.

ಅದೇ ವಾರ ಮತ್ತೆ ಖರೀದಿ ಸಮಿತಿಯ ಸಭೆ ಇತ್ತು. ಈ ಸಲ ಹೊಲಿಗೆ ಹಾಕುವ ದಾರದ ವಿಷಯ. ಹೆರಿಗೆಯಾದವರ ಹೊಲಿಗೆ ಮೂರೇ ದಿನಕ್ಕೆ ಬಿಚ್ಚಿಕೊಳ್ಳುತ್ತಿವೆಯೆಂದು ಮೂರೂ ಊರಿನಿಂದ ದೂರು ಬಂದಿತ್ತು. ಸವಣೂರು, ಹಿರೇಕೆರೂರಿನಿಂದಲೂ ಇಬ್ಬರು ನರ್ಸುಗಳು ತಾವೂ ಕೂಡಿಕೊಳ್ಳುತ್ತೇವೆಂದು ಬಂದಿದ್ದರು. ಫಕ್ಕೀರವ್ವ ಮುಂದಿನ ಸಾಲಿನಲ್ಲಿ ಅವರಿಗೆ ಜಾಗ ಮಾಡಿಕೊಟ್ಟು, ಸರಬರಾಜುದಾರನ ಕಡೆಯಿಂದ ಒಂದು ದಾರ ಇಸಿದುಕೊಂಡು, ಎರಡೂ ಕೈಯಿಂದ ಹಿಡಿದು ಜಗ್ಗತೊಡಗಿದಳು.